ಪ್ರ: ವೋಟರ್ ಐಡಿ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಸಂಘದವರು ಏನು ಮಾಡಬಹುದು?

ಉ: ಒಂದೇ ಬೀದಿಯ 23 ಜನರ ಹೆಸರು ಕಾಣೆಯಾಗಿದೆ ಅಂದಿರಿ. ಹೆಚ್ಚಾಗಿ ‘ಸ್ಥಳಾಂತರ’ ಅಂತ ತೆಗೆದಿರುತ್ತಾರೆ. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಬಂದಾಗ ಬಾಗಿಲಿಗೆ ಬೀಗ ಇದ್ದಿರಬಹುದು, ಅಷ್ಟೇ. ಯಾರೋ ಫಾರ್ಮ್ 7 (ಹೆಸರು ತೆಗೆಯಲು ಕೊಡುವ ಅರ್ಜಿ) ಕೊಟ್ಟು ತೆಗೆಸಿರಲೂಬಹುದು. ನೀವು ಬರೆದಷ್ಟರಿಂದ ಅದು ಗೊತ್ತಾಗುವುದಿಲ್ಲ. ತೆಗೆದ ಕಾರಣವನ್ನು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಬರಹದಲ್ಲೇ ಕೇಳಿ.

ಅದಕ್ಕೂ ಮೊದಲು ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಒಬ್ಬೊಬ್ಬರ ಎಪಿಕ್ ನಂಬರ್ (ವೋಟರ್ ಐಡಿ ಮೇಲಿರುವ ನಂಬರ್) ಹಾಕಿ ಹುಡುಕಿ. ಕೆಲವು ಹೆಸರು ಪಕ್ಕದ ಬೂತಿಗೆ ಹೋಗಿರುತ್ತವೆ. ನಮ್ಮ ಬೀದಿಯ ಹೂವಿನ ಅಜ್ಜಿಯ ಹೆಸರು ಹೀಗೇ ಎದುರಿನ ಶಾಲೆಯ ಪಟ್ಟಿಯಲ್ಲಿ ಸಿಕ್ಕಿತು.

ಪಟ್ಟಿಯಲ್ಲಿ ನಿಜಕ್ಕೂ ಹೆಸರಿಲ್ಲದವರು ಫಾರ್ಮ್ 6 (ಹೆಸರು ಸೇರಿಸಲು ಕೊಡುವ ಅರ್ಜಿ) ಕೊಡಬೇಕು. ಸಂಘದ ಲೆಟರ್‌ಹೆಡ್ ಹಾಕಿ ಎಲ್ಲವನ್ನೂ ಕಂತೆ ಕಟ್ಟಿ ಕೊಡಬೇಡಿ, ಹಾಗೆ ತಗೊಳ್ಳೋದಿಲ್ಲ. ಅವರವರೇ ಸಲ್ಲಿಸಲಿ, ನೀವು ಪಕ್ಕದಲ್ಲಿ ಕೂತು ತುಂಬಿಸಿ. ಅರ್ಜಿ ಕೊಟ್ಟಾಗ ಸಿಗುವ ರೆಫರೆನ್ಸ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದನ್ನೇ ಜಾಸ್ತಿ ಜನ ಮರೆಯೋದು, ಆಮೇಲೆ ವಿಚಾರಿಸಲು ದಾರಿ ಇರಲ್ಲ.

ತಿರಸ್ಕರಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಿ. ಚುನಾವಣೆ ಹತ್ತಿರವಿದ್ದರೆ ನಾಮಪತ್ರದ ಕೊನೆ ದಿನಕ್ಕಿಂತ ಕನಿಷ್ಠ 10 ದಿನ ಮುಂಚೆ ಫಾರ್ಮ್ ಸೇರಿರಬೇಕು. ಬಿಎಲ್‌ಒ ಯಾರೆಂದು ತಿಳಿಯದಿದ್ದರೆ 1950ಕ್ಕೆ ಫೋನ್ ಮಾಡಿ.