ಕಿರುಬೆರಳಿಗೆ ಬೇಕಾದ್ದು ಬಲ ಅಲ್ಲ

ಮಳೆ ಬಿಟ್ಟು ಮದುವೆ ಸೀಸನ್ ಹತ್ತಿರ ಬಂತು ಅಂದರೆ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಕಂಕನಾಡಿಯಿಂದ, ಕುಂದಾಪುರದಿಂದ, ಮಣಿಪಾಲದ ಹಾಸ್ಟೆಲ್‌ಗಳಿಂದ. "ಬೇಸ್ ಬಾರಿಸಲು ಬೆರಳಿಗೆ ಬಲ ತರುವುದು ಹೇಗೆ?" ಇಪ್ಪತ್ತು ವರ್ಷದಿಂದ ಮಂಗಳೂರಿನಲ್ಲಿ ಬೇಸ್ ಗಿಟಾರ್ ಕಲಿಸುತ್ತಿದ್ದೇನೆ. ಇದಕ್ಕೆ ಬಾಯಲ್ಲಿ ಎಷ್ಟು ಸಲ ಉತ್ತರ ಕೊಟ್ಟರೂ ಮರುವಾರ ಮತ್ತೊಬ್ಬ ಹುಡುಗ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಬರುತ್ತಾನೆ. ಅದಕ್ಕೇ ಈ ಸಲ ಬರೆದೇ ಹೇಳುತ್ತೇನೆ. ತಂತಿಗಳ ಹೆಸರು, ಟ್ಯೂನಿಂಗ್ ಎಲ್ಲ ಇಲ್ಲಿ ಹೇಳುವುದಿಲ್ಲ. ಅದು ಮೊದಲ ದಿನದ ಪಾಠ. ಹೊಸಬರಿಗೆ ಇಷ್ಟು ಮಾತ್ರ: ಬೇಸ್‌ನ ಉದ್ದನೆಯ ಕುತ್ತಿಗೆ ನೆಕ್, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಕಂಬಿಗಳ ನಡುವಿನ ಒಂದೊಂದು ಮನೆ ಒಂದೊಂದು ಫ್ರೆಟ್.

ಪ್ರಶ್ನೆ: ನನಗೆ 19 ವರ್ಷ. ಮಣಿಪಾಲದಲ್ಲಿ ಓದುತ್ತಿದ್ದೇನೆ. ಆರು ತಿಂಗಳಿಂದ ಬೇಸ್ ಕಲಿಯುತ್ತಿದ್ದೇನೆ. ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ವರೆಗೆ ಬೆರಳು ಚಾಚಲು ಆಗುವುದೇ ಇಲ್ಲ. ಕಿರುಬೆರಳಿಗೆ ಬಲ ಇಲ್ಲ. ದಿನಾ ಹ್ಯಾಂಡ್ ಗ್ರಿಪ್ಪರ್ ನೂರು ಸಲ ಒತ್ತುತ್ತೇನೆ. ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ನನ್ನ ಕೈ ಚಿಕ್ಕದು. ಬೇಸ್ ಬಿಟ್ಟು ಬೇರೆ ಏನಾದರೂ ಕಲಿಯಲಾ ಸರ್?

ಬೇಸ್ ಬಿಡಬೇಡಿ. ಬಿಡಬೇಕಾದ್ದು ಆ ಗ್ರಿಪ್ಪರ್. ಇವತ್ತೇ ಯಾರಿಗಾದರೂ ಕೊಟ್ಟುಬಿಡಿ. ನೋವು ಪೂರ್ತಿ ಹೋಗುವ ತನಕ ಬೇಸ್ ಕೂಡ ಮುಟ್ಟಬೇಡಿ. ಹತ್ತು ದಿನದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬೆರಳಿನ ಒಳಗೆ ದಪ್ಪ ಮಾಡಬಹುದಾದ ಸ್ನಾಯು ಇಲ್ಲ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಮೊಣಕೈಯಿಂದ ಕೆಳಗೆ, ಮುಂಗೈಯಲ್ಲಿವೆ. ಸಣ್ಣವು ಅಂಗೈಯಲ್ಲಿವೆ. ಅಲ್ಲಿಂದ ಬೆರಳಿಗೆ ಬರುವುದು ಹುರಿಯಂಥ ಟೆಂಡನ್‌ಗಳು. ಮುಂಗೈಯಿಂದ ಬರುವ ಹುರಿಗಳು ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ. ಗ್ರಿಪ್ಪರ್ ಒತ್ತಿದಾಗ ನಾಲ್ಕೂ ಬೆರಳು ಒಟ್ಟಿಗೆ ಬಿಗಿಯುತ್ತವೆ. ಬೇಸ್‌ನಲ್ಲಿ ಬೇಕಾದ್ದು ಇದರ ಉಲ್ಟಾ. ಒಂದು ಬೆರಳು ಒತ್ತುವಾಗ ಉಳಿದ ಮೂರು ಸಡಿಲವಾಗಿರಬೇಕು. ನೀವು ದಿನಾ ನೂರು ಸಲ ಕೈಗೆ ತಪ್ಪು ಪಾಠ ಹೇಳಿಕೊಡುತ್ತಿದ್ದೀರಿ, ಅದರ ಮೇಲೆ ಹುರಿಗಳನ್ನೂ ಉಜ್ಜುತ್ತಿದ್ದೀರಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನನಗೆ 22 ವರ್ಷ ಆಗಿದ್ದಾಗ ಒಬ್ಬ ಮೇಷ್ಟ್ರು "ನೋವಾಗದೆ ಕೈ ತಯಾರಾಗುವುದಿಲ್ಲ" ಅಂದರು. ನಂಬಿದೆ. ದಿನಾ ನಾಲ್ಕು ಗಂಟೆ ಪ್ರಾಕ್ಟೀಸ್, ಬಸ್ಸಿನಲ್ಲಿ ಗ್ರಿಪ್ಪರ್. ಡಿಸೆಂಬರ್ ಹೊತ್ತಿಗೆ ಎಡಗೈಯಲ್ಲಿ ಟೀ ಲೋಟ ಎತ್ತಲು ಆಗುತ್ತಿರಲಿಲ್ಲ. ಏಳು ತಿಂಗಳು ಬೇಸ್ ಮುಟ್ಟಲಿಲ್ಲ. ಒಪ್ಪಿಕೊಂಡಿದ್ದ ಮದುವೆ ಕಾರ್ಯಕ್ರಮಗಳೆಲ್ಲ ಬೇರೆಯವರ ಪಾಲಾದವು. ಆ ನೋವು ಯಾರಿಗೂ ಬೇಡ.

ಹಾಗಾದರೆ ಎಷ್ಟು ಬಲ ಬೇಕು? ನೀವೇ ನೋಡಿಕೊಳ್ಳಿ. ಐದನೇ ಫ್ರೆಟ್‌ನ ಕಂಬಿಯ ಪಕ್ಕದಲ್ಲೇ, ಅದರ ಹಿಂದೆ, ತೋರುಬೆರಳನ್ನು ತಂತಿಯ ಮೇಲೆ ಇಡಿ. ಒತ್ತಬೇಡಿ, ಸುಮ್ನೆ ಇಡಿ. ಬಲಗೈಯಿಂದ ಮೀಟುತ್ತಾ ಇರಿ. ಮೊದಲು ತಂತಿ ಸತ್ತ ಹಾಗೆ "ಥಪ್" ಅನ್ನುತ್ತದೆ. ನಿಧಾನವಾಗಿ ಒತ್ತುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಜರ್ರ್ ಅನ್ನುತ್ತದೆ. ಇನ್ನೊಂದು ಚೂರು ಒತ್ತಿದರೆ ಸ್ವರ ಸ್ವಚ್ಛವಾಗಿ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟೇ ಬಲ ಸಾಕು. ಈಗ ಅದೇ ಬೆರಳನ್ನು ಎರಡು ಕಂಬಿಗಳ ನಡುವೆ ಇಟ್ಟು ಮಾಡಿ ನೋಡಿ. ಜಾಸ್ತಿ ಒತ್ತಬೇಕಾಗುತ್ತದೆ, ಅಲ್ವಾ? ನಿಮ್ಮ ಕಿರುಬೆರಳಿಗೆ ಬಲ ಇಲ್ಲ ಅಂತ ಅನಿಸುವುದು ಇದೇ ಕಾರಣಕ್ಕೆ. ಅದು ಕಂಬಿಯ ತನಕ ಹೋಗಿ ಮುಟ್ಟುತ್ತಿಲ್ಲ. ದೂರದಲ್ಲೇ ನಿಂತು ಒದ್ದಾಡುತ್ತಿದೆ.

ಉಡುಪಿ ಹತ್ತಿರದ ಶಂಕರಪುರದಲ್ಲಿ ನನ್ನ ದೊಡ್ಡಮ್ಮ ಮಲ್ಲಿಗೆ ಕಟ್ಟುವುದನ್ನು ನೋಡುತ್ತಾ ಬೆಳೆದವನು ನಾನು. ಮಡಿಲ ತುಂಬ ಮೊಗ್ಗು, ಕೈಯಲ್ಲಿ ಒದ್ದೆ ಬಾಳೆನಾರು. ನಾರು ಬಿಗಿಯುವಷ್ಟೇ ಎಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಜಾಸ್ತಿ ಎಳೆದರೆ ತೊಟ್ಟು ಕತ್ತರಿಸಿ ಮೊಗ್ಗು ಕೆಳಗೆ ಬೀಳುತ್ತಿತ್ತು. ಅವರ ಬೆರಳುಗಳು ಎಷ್ಟು ಸಡಿಲ ಇರುತ್ತಿದ್ದವು ಅಂದರೆ, ಮಾತಾಡುತ್ತಾ, ಗದ್ದೆ ಕಡೆ ನೋಡುತ್ತಾ ಕಟ್ಟುತ್ತಿದ್ದರು. ಬೇಸ್‌ನ ಎಡಗೈ ಹಾಗಿರಬೇಕು.

ಇನ್ನು ಬೆರಳು ಚಾಚುವ ವಿಷಯ. ನಿಮ್ಮ ಕೈ ಚಿಕ್ಕದು ಅಂತ ಯಾರು ಹೇಳಿದರೋ ಗೊತ್ತಿಲ್ಲ, ಆದರೆ ಲೆಕ್ಕ ಹಾಕಿ ನೋಡೋಣ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ತಂತಿಯ ಉದ್ದ 34 ಇಂಚು ಇಟ್ಟರು. ಇವತ್ತಿಗೂ ಹೆಚ್ಚಿನ ಬೇಸ್‌ಗಳು ಅದೇ ಅಳತೆಯವು. ಆ ಅಳತೆಯಲ್ಲಿ ಒಂದನೇ ಕಂಬಿಯಿಂದ ನಾಲ್ಕನೇ ಕಂಬಿಗೆ ಸುಮಾರು 13 ಸೆಂಟಿಮೀಟರ್. ಇಪ್ಪತ್ತೈದೂವರೆ ಇಂಚಿನ ಮಾಮೂಲಿ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅದೇ ಜಾಗ 10 ಸೆಂಟಿಮೀಟರ್‌ಗೂ ಕಡಿಮೆ. ಗಿಟಾರ್‌ನವರ "ಒಂದು ಫ್ರೆಟ್‌ಗೆ ಒಂದು ಬೆರಳು" ಪಾಠವನ್ನು ಬೇಸ್‌ನ ಒಂದನೇ ಫ್ರೆಟ್‌ನಲ್ಲಿ ಹೊಸಬರಿಗೆ ಮಾಡಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ದೊಡ್ಡ ಕೈಯವರಿಗೂ ಅಲ್ಲಿ ಎಳೆತ ಬರುತ್ತದೆ.

ಇದಕ್ಕೆ ಪರಿಹಾರ ಹಳೆಯದು. ಬೇಸ್ ಗಿಟಾರ್ ಹುಟ್ಟುವ ಮೊದಲೇ ಡಬಲ್ ಬೇಸ್ (ನಿಲ್ಲಿಸಿ ಬಾರಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಬಾರಿಸುವವರಿಗೆ ಇದೇ ಕಷ್ಟ ಇತ್ತು. ಅವರ ತಂತಿ ಇನ್ನೂ ಉದ್ದ. 19ನೇ ಶತಮಾನದಲ್ಲಿ ವಿಯೆನ್ನಾದಲ್ಲಿ ಕಲಿಸುತ್ತಿದ್ದ ಫ್ರಾನ್ಜ್ ಸಿಮಾಂಡ್ಲ್ ಅವರ ಹೆಸರಿನಲ್ಲೇ ಒಂದು ಕ್ರಮ ಉಳಿದಿದೆ. ತೋರುಬೆರಳು, ನಡುಬೆರಳು, ಕಿರುಬೆರಳು, ಇಷ್ಟೇ. ನಾಲ್ಕು ಫ್ರೆಟ್ ಅಲ್ಲ, ಮೂರು. ಕಿರುಬೆರಳು ಒತ್ತುವಾಗ ಉಂಗುರಬೆರಳು ಅದರ ಜೊತೆಗೇ ಹೋಗುತ್ತದೆ, ತಾನೂ ಸ್ವಲ್ಪ ಭಾರ ಹೊರುತ್ತದೆ. ಈ ಎರಡು ಬೆರಳುಗಳ ಹುರಿಗಳು ಕೈಯ ಹಿಂಭಾಗದಲ್ಲಿ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಅವನ್ನು ಜಗಳ ಆಡಿಸುವ ಬದಲು ಒಟ್ಟಿಗೆ ಕೆಲಸ ಮಾಡಿಸಿ. 13 ಸೆಂಟಿಮೀಟರ್ ಇದ್ದದ್ದು 9ಕ್ಕೆ ಇಳಿಯುತ್ತದೆ. ನಾಲ್ಕನೇ ಫ್ರೆಟ್ ಬೇಕಾದಾಗ ಬೆರಳು ಚಾಚಬೇಡಿ, ಕೈಯನ್ನೇ ಸರಿಸಿ. ಹೆಬ್ಬೆರಳೂ ಜೊತೆಗೆ ಸರಿಯಬೇಕು.

ಜಿ ಮೇಜರ್ ಸ್ಕೇಲ್ ತೆಗೆದುಕೊಳ್ಳಿ. ಇ ತಂತಿಯ ಮೂರನೇ ಫ್ರೆಟ್ ನಡುಬೆರಳಲ್ಲಿ. ಆಮೇಲೆ ಎ ತಂತಿ ಖಾಲಿ, ಅಂದರೆ ಎಡಗೈಯಲ್ಲಿ ಒತ್ತದೆ ಮೀಟುವುದು. ಅದರ ಎರಡನೇ ಫ್ರೆಟ್ ತೋರುಬೆರಳು, ಮೂರನೇ ಫ್ರೆಟ್ ನಡುಬೆರಳು. ಡಿ ತಂತಿ ಖಾಲಿ. ಅದರ ಎರಡನೇ ಫ್ರೆಟ್ ತೋರುಬೆರಳು, ನಾಲ್ಕನೇ ಫ್ರೆಟ್ ಕಿರುಬೆರಳು. ಕೊನೆಗೆ ಜಿ ತಂತಿ ಖಾಲಿ. ಎಂಟು ಸ್ವರದಲ್ಲಿ ಮೂರು ಖಾಲಿ ತಂತಿ. ಒಂದು ಕಡೆಯೂ ಕೈ ಎಳೆಯಬೇಕಾಗಿಲ್ಲ. ಖಾಲಿ ತಂತಿ ಬಾರಿಸುವುದು ಮಕ್ಕಳಾಟ ಅಂತ ಯಾರೋ ಹಬ್ಬಿಸಿದ್ದಾರೆ. ತಪ್ಪು. ಆ ಹೊತ್ತಿನಲ್ಲಿ ಎಡಗೈಗೆ ಉಸಿರಾಡಲು ಜಾಗ ಸಿಗುತ್ತದೆ.

ಐದನೇ ಫ್ರೆಟ್ ದಾಟಿದ ಮೇಲೆ ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಮಾಡಬಹುದು. ಅಲ್ಲಿ ಐದರಿಂದ ಎಂಟಕ್ಕೆ ಸುಮಾರು 10 ಸೆಂಟಿಮೀಟರ್. ಹೊಸಬರು ಏಳನೇ ಫ್ರೆಟ್‌ನಿಂದ ಶುರು ಮಾಡಿ. ಮೆಟ್ರೋನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 60 ಹೊಡೆತಕ್ಕೆ ಇಡಿ, ಒಂದು ಹೊಡೆತಕ್ಕೆ ಒಂದು ಸ್ವರ. ಹತ್ತು ನಿಮಿಷ ಬಾರಿಸಿ, ಐದು ನಿಮಿಷ ಕೈ ಇಳಿಬಿಡಿ. ದಿನಕ್ಕೆ ಇಂಥ ಮೂರು ಸುತ್ತು ಸಾಕು. ಆರಾಮ ಅನಿಸಿದ ಮೇಲೆ ಒಂದು ಫ್ರೆಟ್ ಕೆಳಗೆ, ಅಂದರೆ ಆರಕ್ಕೆ, ಬನ್ನಿ. ವಾರಕ್ಕೆ ಒಂದೇ ಫ್ರೆಟ್. ಬೆರಳ ತುದಿಯ ಚರ್ಮ ಉರಿಯುವುದು ಸಹಜ. ಮಣಿಕಟ್ಟು, ಹೆಬ್ಬೆರಳ ಬುಡ, ಮುಂಗೈ ಇವುಗಳಲ್ಲಿ ಎಲ್ಲಿ ನೋವು ಬಂದರೂ ಆ ಕ್ಷಣ ನಿಲ್ಲಿಸಿ. ಹಾಡು ಅರ್ಧಕ್ಕೆ ನಿಂತರೂ ಪರವಾಗಿಲ್ಲ.

ಹೆಬ್ಬೆರಳು ನೆಕ್‌ನ ಹಿಂದೆ, ನಡುಬೆರಳಿಗೆ ಎದುರಾಗಿ, ಸುಮ್ನೆ ತಾಗಿಕೊಂಡು ಇರಲಿ. ಹಿಂಡಬೇಡಿ. ಒಮ್ಮೆ ಹೆಬ್ಬೆರಳನ್ನು ಪೂರ್ತಿ ತೆಗೆದು ಬಾರಿಸಿ ನೋಡಿ. ಬಲಗೈಯ ಮುಂಗೈ ಬೇಸ್‌ನ ಬಾಡಿಯನ್ನು ಹಿಡಿದಿದ್ದರೆ, ಎಡತೋಳಿನ ಭಾರಕ್ಕೇ ಸ್ವರ ಬರುತ್ತದೆ. ಮಣಿಕಟ್ಟು ಆದಷ್ಟು ನೇರ ಇರಲಿ. ಬೇಸನ್ನು ಮಂಡಿ ಹತ್ತಿರ ಇಳಿಬಿಟ್ಟು ನಿಂತರೆ ಫೋಟೋ ಚೆನ್ನಾಗಿ ಬರಬಹುದು, ಮಣಿಕಟ್ಟು ಮಾತ್ರ ಪೂರ್ತಿ ಮಡಚುತ್ತದೆ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವ ಹಾಗೆ ಸ್ಟ್ರ್ಯಾಪ್ ಕಟ್ಟಿ.

ಕೊನೆಯದಾಗಿ ಹೇಳಿದರೂ ನಾನು ಮೊದಲು ನೋಡುವುದು ನಿಮ್ಮ ಬೇಸನ್ನೇ. ಹೋದ ಜುಲೈನಲ್ಲಿ ಒಬ್ಬಳು ಹುಡುಗಿ ಅಳುವ ಮುಖ ಮಾಡಿಕೊಂಡು ಬಂದಳು. "ನನ್ನಿಂದ ಆಗಲ್ಲ ಸರ್" ಅಂದಳು. ಅಳತೆಪಟ್ಟಿ ಇಟ್ಟು ನೋಡಿದೆ. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ 4 ಮಿಲಿಮೀಟರ್ ಮೇಲಿತ್ತು. 2ರಿಂದ 2.5 ಇರಬೇಕಾದ್ದು. ನಾನು ಒತ್ತಿದರೂ ಬೆರಳು ನೋಯಿತು. ನಮ್ಮ ಕರಾವಳಿಯ ಮಳೆಯಲ್ಲಿ ಮರದ ನೆಕ್ ತೇವ ಹೀರುತ್ತದೆ, ತಂತಿಯ ಎಳೆತಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಹೆಚ್ಚಾಗಿ ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಗೀರಿನ ಪಟ್ಟಿ) ಕೂಡ ಎತ್ತರ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ಒಂದನೇ ಕಂಬಿಯ ಮೇಲೆ ಎಷ್ಟು ಸಂದಿ ಇದೆ ನೋಡಿ. ಒಂದು ಕಾಗದ ತೂರುವಷ್ಟು ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ, ನೀವು ಆರು ತಿಂಗಳು ಗುದ್ದಾಡಿದ್ದು ನಟ್ ಜೊತೆ, ನಿಮ್ಮ ಕಿರುಬೆರಳಿನ ಜೊತೆ ಅಲ್ಲ. ಆ ಹುಡುಗಿಯ ಬೇಸ್‌ನ ನೆಕ್ ಸರಿಮಾಡಿಸಿ, ನಟ್ ಉಜ್ಜಿಸಿ, ದಪ್ಪದ 45-105 ತಂತಿ ತೆಗೆದು ತೆಳುವಾದ 40-95 ಹಾಕಿಸಿದೆವು. ಮುಂದಿನ ಭಾನುವಾರ ಚರ್ಚ್‌ನ ಕಾಯರ್‌ನಲ್ಲಿ ಎರಡು ಹಾಡಿಗೆ ಬಾರಿಸಿದಳು. ಒಂದು ವಾರದಲ್ಲಿ ಅವಳ ಕೈಗೆ ಬಲ ಬಂದದ್ದೇನೂ ಅಲ್ಲ.

ಟ್ರಸ್ ರಾಡನ್ನು (ನೆಕ್‌ನ ಒಳಗಿದ್ದು ಅದರ ಬಾಗು ಸರಿಮಾಡುವ ಸರಳು) ಮಾತ್ರ ವಿಡಿಯೋ ನೋಡಿ ನೀವೇ ತಿರುಗಿಸಬೇಡಿ. ಗೊತ್ತಿದ್ದವರ ಕೈಗೆ ಕೊಡಿ.

ಇಷ್ಟೆಲ್ಲ ಮಾಡಿ ನಾಲ್ಕು ತಿಂಗಳಾದರೂ ಕಷ್ಟ ಅನಿಸಿದರೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಹಿಡಿದು ನೋಡಿ. ಅದು ಮಕ್ಕಳ ವಾದ್ಯ ಅಂತ ಅಂಗಡಿಯವರು ಹೇಳಬಹುದು. ಬೀಟಲ್ಸ್‌ನಲ್ಲಿ ಪಾಲ್ ಮೆಕಾರ್ಟ್ನಿ ಬಾರಿಸಿದ ಹೋಫ್ನರ್ ಬೇಸ್ ಅದೇ ಅಳತೆಯದು.

ಪ್ರಶ್ನೆ: ರಾತ್ರಿ ಬೆರಳುಗಳ ನಡುವೆ ಕಾರ್ಕ್ ಸಿಕ್ಕಿಸಿ, ಬಿಸಿ ತೆಂಗಿನೆಣ್ಣೆ ಹಚ್ಚಿ ಎಳೆದರೆ ಬೆರಳು ಅಗಲವಾಗುತ್ತದೆ ಎನ್ನುತ್ತಾರೆ. ನಿಜವೇ? (ಕಾಪು)

ಇಲ್ಲ. ಎಣ್ಣೆ ತಲೆಗೆ ಹಚ್ಚಿ, ಕಾರ್ಕ್ ಬಿಸಾಡಿ. ಬೆರಳು ಎಳೆದು ಉದ್ದ ಮಾಡಿಕೊಡುತ್ತೇನೆ ಅಂತ ದುಡ್ಡು ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ. ಕಳೆದ ವರ್ಷ ಹಾಗೆ "ಎಳೆಸಿಕೊಂಡು" ಬಂದ ಒಬ್ಬನ ಉಂಗುರಬೆರಳ ಗಂಟು ಮೂರು ವಾರ ಊದಿಕೊಂಡೇ ಇತ್ತು.

ಪ್ರಶ್ನೆ: ಬಲಗೈಯಲ್ಲಿ ಮೂರು ಬೆರಳು ಬಳಸದಿದ್ದರೆ ಒಳ್ಳೆಯ ಬೇಸಿಸ್ಟ್ ಆಗುವುದಿಲ್ಲವೇ? (ಸುರತ್ಕಲ್)

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ಬಾರಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಲ್ಲಿ ಬಾರಿಸಿದವರು. ಮೊದಲು ಎರಡು ಬೆರಳು ಸಮವಾಗಿ ಬೀಳಲಿ.

ಪ್ರಶ್ನೆ: ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಐದು ತಂತಿಯ ಬೇಸ್ ತೆಗೆದುಕೊಳ್ಳಲೇ? (ಬಿಜೈ)

ಬೇಡ. ನೆಕ್ ಇನ್ನೂ ಅಗಲ.

ಪ್ರಶ್ನೆ: ನನಗೆ 48 ವರ್ಷ. ನಿವೃತ್ತಿಗೆ ಮೊದಲೇ ಬೇಸ್ ಕಲಿಯುವ ಆಸೆಯಿಂದ ಸೇರಿದೆ. ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಬೆರಳಿಗೆ ಯಾವ ವ್ಯಾಯಾಮ ಮಾಡಲಿ? (ಉಡುಪಿ)

ಯಾವುದೂ ಬೇಡ. ನೀವು ಹೇಳಿದ ಮೂರು ಬೆರಳುಗಳಿಗೆ ಹೋಗುವ ನರ ಮಣಿಕಟ್ಟಿನ ಅದೇ ಕಿರಿದಾದ ದಾರಿಯಲ್ಲಿ ಹೋಗುತ್ತದೆ. ಅಲ್ಲಿ ಒತ್ತಡ ಬಿದ್ದರೆ ಹೀಗೆ ರಾತ್ರಿ ಜೋಮು ಹಿಡಿಯುವುದುಂಟು. ಬೇಸ್ ಕಾರಣವೋ, ಆಫೀಸಿನ ಕೀಬೋರ್ಡೋ, ಸಕ್ಕರೆ ಕಾಯಿಲೆಯೋ, ಥೈರಾಯ್ಡೋ ಅಂತ ಹೇಳಬೇಕಾದವರು ಡಾಕ್ಟರು. ನಾನಲ್ಲ, ನಿಮ್ಮ ಬೇಸ್ ಮೇಷ್ಟ್ರೂ ಅಲ್ಲ. ಈ ವಾರವೇ ತೋರಿಸಿ. ಜೋಮು ಹೆಚ್ಚು ದಿನ ಉಳಿದರೆ ಹೆಬ್ಬೆರಳ ಬುಡದ ಸ್ನಾಯು ಸೊರಗುತ್ತದೆ, ಆಮೇಲೆ ವಾಪಸ್ ತರುವುದು ಕಷ್ಟ. ಅವರು ಸರಿ ಅಂದ ಮೇಲೆ ಬನ್ನಿ. 48 ತಡ ಅಲ್ಲ. ನನ್ನ ಹತ್ತಿರ 61ರಲ್ಲಿ ಶುರು ಮಾಡಿದವರು ಇದ್ದಾರೆ, ಚೆನ್ನಾಗಿ ಬಾರಿಸುತ್ತಾರೆ.

ಪ್ರಶ್ನೆ: ಮುಂದಿನ ತಿಂಗಳು ಅಕ್ಕನ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ). ಬ್ಯಾಂಡ್ ಜೊತೆ ಆರು ಹಾಡಿಗೆ ಬೇಸ್ ಬಾರಿಸು ಎಂದಿದ್ದಾರೆ. ಬೆರಳು ತಯಾರಾಗಲು ದಿನಕ್ಕೆ ಆರು ಗಂಟೆ ಕೂರಲೇ? (ಬೋಂದೆಲ್)

ಆರು ಗಂಟೆ ಕೂತರೆ ರೋಸ್ ದಿನ ಕೈಗೆ ಐಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ದಿನಕ್ಕೆ ಒಂದು ಗಂಟೆ ಸಾಕು, ಅದನ್ನೂ ಮೂರು ಭಾಗ ಮಾಡಿ. ಆರು ಹಾಡಿಗೂ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಮೂಲ ಸ್ವರ ಮಾತ್ರ ಬಾರಿಸಿ. ಡ್ರಮ್ಸ್‌ನವರು ಕಾಲಲ್ಲಿ ಬಾರಿಸುವ ಡ್ರಮ್ ಜೊತೆ ಸರಿಯಾಗಿ ಬೀಳಲಿ. ಬೈಲಾ ಕುಣಿತದ ಹಾಡುಗಳಲ್ಲಿ ವೇಗ ಇರುವುದರಿಂದ ಆದಷ್ಟು ಖಾಲಿ ತಂತಿ ಬಳಸಿ. ಹೊಸ ತಂತಿ ಹಾಕುವುದಾದರೆ ಎರಡು ದಿನ ಮೊದಲೇ ಹಾಕಿ, ಅವತ್ತು ಬೆಳಿಗ್ಗೆ ಅಲ್ಲ.