ಕೊಡಗಿನ ಮಳೆಗಾಲದಲ್ಲಿ ಎರಡು ತಿಂಗಳ ನಾಯಿಮರಿಗೆ ಹೊರಗೆ ಮೂತ್ರ ಮಾಡುವ ಅಭ್ಯಾಸ ಮಾಡಿಸುವುದು ಹೇಗೆ?

ಮರಿ ನಿದ್ದೆಯಿಂದ ಎದ್ದಾಗ, ಉಂಡಾಗ, ಆಡಿ ದಣಿದಾಗ ಮತ್ತು ಹಗಲಿನಲ್ಲಿ ಸುಮಾರು 2 ಗಂಟೆಗೊಮ್ಮೆ ಅದನ್ನು ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿಸಿದ ಕ್ಷಣವೇ ಮೆಚ್ಚಿ ಒಂದು ತುಣುಕು ತಿಂಡಿ ಕೊಡಿ. ಈ ವಯಸ್ಸಿನಲ್ಲಿ ಮೂತ್ರಕೋಶದ ಮೇಲೆ ಅದಕ್ಕಿನ್ನೂ ಹಿಡಿತವಿರುವುದಿಲ್ಲ. ಆ ಹಿಡಿತ ಬಲಿಯಲು 4ರಿಂದ 6 ತಿಂಗಳು ತುಂಬಬೇಕು. ಹಿಂದೆ ಮೂತ್ರ ಮಾಡಿದ ವಾಸನೆಯಿರುವ ಜಾಗವನ್ನೇ ಮರಿ ಮತ್ತೆ ಹುಡುಕುವುದರಿಂದ, ಹೊರಗಿನ ವಾಸನೆ ಉಳಿಯಬೇಕು, ಒಳಗಿನದು ಅಳಿಯಬೇಕು. ಮಡಿಕೇರಿಯ ಕಡೆಯ ಬಿಡದ ಮಳೆ ಹೊರಗಿನ ವಾಸನೆಯನ್ನು ತೊಳೆದುಬಿಡುತ್ತದೆ. ಆದ್ದರಿಂದ ಕಾಫಿ ತೋಟಕ್ಕಿಂತ ಸೂರಿನಡಿಯ ಅಥವಾ ಸೌದೆ ಕೊಟ್ಟಿಗೆಯ ಒಣ ಮೂಲೆಯೇ ಮೇಲು, ಅಲ್ಲಿ ಜಿಗಣೆಯ ಕಾಟವೂ ಕಡಿಮೆ. ಒಳಗೆ ಒದ್ದೆಯಾದ ನೆಲವನ್ನು ಒರೆಸಲು ಅಮೋನಿಯಾ ಇರುವ ದ್ರಾವಣ ಬೇಡ, ಅದು ಮೂತ್ರದ ವಾಸನೆಯನ್ನೇ ಹೋಲುತ್ತದೆ. ದಯವಿಟ್ಟು ಹೊಡೆಯಬೇಡಿ: ಹೆದರಿದ ಮರಿ ನಿಮ್ಮ ಕಣ್ಣು ತಪ್ಪಿಸಿ ಮಂಚದಡಿ ಮೂತ್ರ ಮಾಡುವುದನ್ನು ಕಲಿಯುತ್ತದೆ.