ಆ ದಿನ ಅವಳಿಗೆ ಕೂಲಿ ಸಿಕ್ಕಿತಾ?

ನಮಸ್ಕಾರ,

ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ಬೇಜಾರಾಗಬಹುದು. ಆದರೆ ಸುಮ್ನೆ ‘ಪರಿಶೀಲನೆಯಲ್ಲಿದೆ’ ಅಂತ ಮೂರು ತಿಂಗಳು ಕಾಯಿಸುವುದಕ್ಕಿಂತ ಇದು ವಾಸಿ, ಅಲ್ವಾ?

ನಿಮ್ಮ ಕಥೆಯಲ್ಲಿ ಮಡಿಕೇರಿ ಹತ್ತಿರದ ಒಬ್ಬ ಬಡ ಹೆಂಗಸು. ಕಪ್ಪು ಸೀರೆ ಉಟ್ಟು ಶ್ರೀಮಂತರ ಮನೆಯ ಸಾವುಗಳಿಗೆ ಹೋಗಿ ದುಡ್ಡಿಗೆ ಅಳುತ್ತಾಳೆ. ಕೊನೆಗೆ ಸ್ವಂತ ಮಗ ಸತ್ತಾಗ ಅವಳಿಗೆ ಅಳುವೇ ಬರುವುದಿಲ್ಲ. ಈ ಕೊನೆ ನನಗೆ ಎರಡನೇ ಪುಟದಲ್ಲೇ ಗೊತ್ತಾಗಿಬಿಟ್ಟಿತು. ದಯವಿಟ್ಟು ಆ ಹುಡುಗನನ್ನು ಬದುಕಿಸಿ.

ಕಪ್ಪು ಸೀರೆ ರಾಜಸ್ಥಾನದ ರುದಾಲಿಯರದು, ಅಂದರೆ ಅಲ್ಲಿ ದುಡ್ಡಿಗೆ ಅಳುವ ಹೆಂಗಸರದು. ಅಲ್ಲಿ ದೊಡ್ಡ ಮನೆತನದ ಹೆಂಗಸರು ಹೊರಗಿನವರ ಎದುರು ಅಳಬಾರದು ಅಂತಿತ್ತು. ಅದಕ್ಕೇ ಕೆಳಜಾತಿಯ ಹೆಂಗಸರನ್ನು ಕರೆಸಿ ಅಳಿಸುತ್ತಿದ್ದರು. ಕೊಡಗಿನಲ್ಲಿ ಆ ಕಟ್ಟಳೆಯೇ ಇಲ್ಲ. ಕೊಡವರ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುತ್ತಾರೆ. ಸದ್ದು ಕೇಳಿದ ಊರವರು ಬಂದು ಸೇರುತ್ತಾರೆ. ಅಳುವವರು ಮನೆಯವರು, ನೆಂಟರು. ನೀವು ನೋಡಿದರೆ ಡಂಗುರ ಹೊಡೆಸಿದ್ದೀರಿ. ಸಾಲದ್ದಕ್ಕೆ ಜುಲೈ ತಿಂಗಳಲ್ಲಿ ಹೆಣ ಹೊತ್ತವರ ಕಾಲಡಿ ಧೂಳು ಎಬ್ಬಿಸಿದ್ದೀರಿ! ಅದು ನಾವು ಬಟ್ಟೆಯನ್ನು ಒಲೆಯ ಹತ್ತಿರ ಒಣಗಿಸುವ ತಿಂಗಳು ಮಾರಾಯ್ರೇ. ಆ ಮಳೆಯಲ್ಲಿ ಸುಡುವುದಕ್ಕೆ ಒಣ ಸೌದೆ ಯಾರ ಕೊಟ್ಟಿಗೆಯಲ್ಲಿದೆ ಅನ್ನುವುದೇ ಸಾವಿನ ಮನೆಯ ದೊಡ್ಡ ಚಿಂತೆ.

ಹಾಗಾದರೆ ಇಂಥ ಹೆಂಗಸು ಕೊಡಗಿನಲ್ಲಿ ಇರಲಾರಳೇ? ಇರಬಹುದು. ಅವಳನ್ನು ಕಾಫಿ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಹುಡುಕಿ. ತೋಟಗಳಲ್ಲಿ ತಮಿಳು ಮಾತಾಡುವ ಕೂಲಿಯವರಿದ್ದಾರೆ. ತಮಿಳರಲ್ಲಿ ಒಪ್ಪಾರಿ ಅಂತ ಸಾವಿನ ಹಾಡಿದೆ. ಹೆಂಗಸರು ಸುತ್ತ ಕೂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ಸತ್ತವರ ಒಳ್ಳೆಯತನವನ್ನು ಎತ್ತಿ ಆಡಿ ಹಾಡುತ್ತಾರೆ. ಸಾಲಿನ ಕೊನೆ ಬಿಕ್ಕಿ ಬಿಕ್ಕಿ ಎಳೆಯುತ್ತದೆ. ಚೆನ್ನಾಗಿ ಹಾಡುವವರನ್ನು ದುಡ್ಡು ಕೊಟ್ಟು ಕರೆಸುವುದೂ ಉಂಟು. ಅಜ್ಜಿಯಿಂದ ಆ ಹಾಡು ಕಲಿತವಳು ಈಗ ಇಲ್ಲಿ ಹಣ್ಣು ಕುಯ್ಯುತ್ತಾಳೆ ಅನ್ನಿ, ನಾನು ನಂಬುತ್ತೇನೆ. ಧಣಿ ಮನೆಯ ಜೋಡಿ ಗುಂಡು ಕೇಳಿದರೆ ಅವಳಿಗೆ ಅಲ್ಲಿ ಕೆಲಸವಿಲ್ಲ. ತೋಟಕ್ಕೆ ರಜೆ ಕೊಟ್ಟರೆ ಇರುವ ಕೂಲಿಯೂ ಹೋಯಿತು. ಇದನ್ನು ಬೇಕಾದರೆ ಬಳಸಿಕೊಳ್ಳಿ.

ಅಳುವುದು ಅವಳ ಕೆಲಸ. ಆ ಕೆಲಸವನ್ನು ನೀವು ತೋರಿಸಿಲ್ಲ. ಅವಳ ಬದಲು ನೀವೇ ಅತ್ತಿದ್ದೀರಿ. ಒಂಬತ್ತು ಪುಟದಲ್ಲಿ ‘ಕಣ್ಣೀರು’ 31 ಸಲ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದೆ. ಹಾಡುವ ಮೊದಲು ಅವಳು ಯಾರನ್ನು ಏನು ಕೇಳುತ್ತಾಳೆ? ಸತ್ತವನಿಗೆ ಎಷ್ಟು ಮಕ್ಕಳು, ಯಾವ ತಂಗಿ ಮಾತು ಬಿಟ್ಟಿದ್ದಳು, ಯಾರ ಹೆಸರು ಎತ್ತಬಾರದು? ಮೂರನೇ ಗಂಟೆಗೆ ಗಂಟಲು ಕಟ್ಟಿದರೆ ಬಿಸಿನೀರು ಕೊಡುವವರು ಯಾರು?

ದುಡ್ಡಿನ ಲೆಕ್ಕವೂ ಸರಿಯಿಲ್ಲ. ಒಂದು ಸಾವಿಗೆ 5,000 ರೂಪಾಯಿ, ತಿಂಗಳಿಗೆ ಐದಾರು ಸಾವು ಅಂತ ನೀವೇ ಬರೆದು, ಮಗನ ಸ್ಕೂಲ್ ಫೀಸಿಗೆ ಗತಿಯಿಲ್ಲ ಅಂದರೆ ಹೇಗೆ? ತೋಟದ ಲೆಕ್ಕ ಹಿಡಿಯಿರಿ. ಕುಯ್ಲಿನ ತಿಂಗಳುಗಳಲ್ಲಿ ಕಿಲೋ ಲೆಕ್ಕದಲ್ಲಿ ನಾಲ್ಕು ಕಾಸು ಜಾಸ್ತಿ. ಜಡಿಮಳೆ ಹಿಡಿದರೆ ಅದೂ ಇಲ್ಲ.

ಇನ್ನೊಂದು. ಅವಳಿಗೆ ಹೆಸರೇ ಇಲ್ಲ, ಕೊನೆತನಕ ಬರೀ ‘ಆಕೆ’. ತೋಟದಲ್ಲಿ ಹಾಜರಿ ಬರೆಯುವವನನ್ನೂ ‘ರೈಟರ್’ ಅಂತಲೇ ಕರೆಯುತ್ತಾರೆ, ಗೊತ್ತಲ್ವಾ? ಅವನಾದರೂ ಹೆಸರು ಕೇಳಿಯೇ ಬರೆದುಕೊಳ್ಳುತ್ತಾನೆ.

ಇಷ್ಟು ಬೈದು ಕಥೆಯನ್ನು ಎರಡನೇ ಸಲ ಯಾಕೆ ಓದಿದೆ ಅಂದರೆ, ಏಳನೇ ಪುಟಕ್ಕಾಗಿ. ಹೆಣ ಹೋಗಿ ಎರಡು ಗಂಟೆಯಾಗಿದೆ. ಅವಳು ಮೆಟ್ಟಿಲ ಮೇಲೆ ಕೂತಿದ್ದಾಳೆ. ಶಾಮಿಯಾನದವನಿಗೆ ದುಡ್ಡು ಸಿಕ್ಕಿತು. ಕುರ್ಚಿ ಎತ್ತಿದ ಹುಡುಗನಿಗೂ ಸಿಕ್ಕಿತು. ಅವಳಿಗೆ ಮಾತ್ರ ಯಾರೂ ಕೊಟ್ಟಿಲ್ಲ. ಬಾಯಿ ಬಿಟ್ಟು ಕೇಳಿದರೆ ಬೆಳಗ್ಗಿಂದ ಅತ್ತದ್ದೆಲ್ಲ ಸುಳ್ಳಾಗುತ್ತದೆ. ಇದನ್ನು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ನೀವು ಮಾತ್ರ ನಾಲ್ಕೇ ಸಾಲಿಗೆ ಮುಗಿಸಿ ಮತ್ತೆ ಕಣ್ಣೀರಿಗೆ ಓಡಿದ್ದೀರಿ.

ಕಥೆಯನ್ನು ಆ ಮೆಟ್ಟಿಲಿನಿಂದ ಶುರು ಮಾಡಿ. ಐದು ಪುಟ ಸಾಕು. ಕಾಫಿ ಹೂ ಅರಳಿಸುವ ಹೂ ಮಳೆ ಬೀಳುವುದರೊಳಗೆ ಕಳಿಸಿ.

ಅಂದಹಾಗೆ, ಆ ದಿನ ಅವಳಿಗೆ ಕೂಲಿ ಸಿಕ್ಕಿತಾ? ನೀವು ಬರೆದೇ ಇಲ್ಲ.

ಇಂತಿ,
ಸಂಪಾದಕ